ಎರಡೆರಡು ಶುಕ್ರವಾರ

ರೀ,

ನಾನೂ ಮಗಳು ಚಿಹಾರೂನೂ ಹವಾಯಿಗೆ ಹೊರಟ್ವಿ. ಅವಳ ಮದುವೆಗೆ ನಾಡಿದ್ದು ನೀವೊಬ್ಬರೇ ವಿಮಾನ ಹತ್ತಬೇಕು, ಅದಕ್ಕೇ ಈ ಚೀಟಿ.

ಟಿಕೆಟ್ ಮೇಲೆ ನೀವು ಕೆಂಪು ಪೆನ್ಸಿಲಲ್ಲಿ ತಿದ್ದಿದ್ದನ್ನ ಅಳಿಸಿದೀನಿ. ಅದು ಅಚ್ಚಿನ ತಪ್ಪಲ್ಲ. ನಡುವೆ ಸಮುದ್ರದ ಮೇಲೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತೆ, ಅದಕ್ಕೇ ಶುಕ್ರವಾರ ರಾತ್ರಿ ಟೋಕಿಯೋದಲ್ಲಿ ಹತ್ತಿದರೆ ಹವಾಯಿಯಲ್ಲಿ ಇಳಿಯೋದು ಅದೇ ಶುಕ್ರವಾರ ಬೆಳಿಗ್ಗೆ. ಮೂವತ್ತೆಂಟು ವರ್ಷ ರೈಲಿನ ವೇಳಾಪಟ್ಟಿ ಬರೆದವರಿಗೆ ಇದು ಸಹಿಸೋಕಾಗಲ್ಲ, ಗೊತ್ತು. ಆದರೂ ವಿಮಾನದವರಿಗೆ ಇನ್ನೊಂದು ಸಲ ಫೋನ್ ಮಾಡಬೇಡಿ. ಅಲ್ಲಿ ಫೋನ್ ಎತ್ತೋ ಹುಡುಗಿ ಈಗ ನಿಮ್ಮ ದನಿ ಕೇಳಿದ್ರೇ ನಿಟ್ಟುಸಿರು ಬಿಡ್ತಾಳೆ.

ಪೆಟ್ಟಿಗೆಯಿಂದ ಕಪ್ಪು ಸೂಟು ತೆಗೆದು ಹೂವಿನ ಅಂಗಿ ಇಟ್ಟಿದೀನಿ. ಅಲ್ಲಿ ಮದುವೆಗೆ ದೊಡ್ಡವರೂ ಅದನ್ನೇ ಹಾಕೋದು. ಸೂಟನ್ನ ಮತ್ತೆ ತುರುಕಬೇಡಿ, ಬೀಗರಿಗೆ ಅಂತ ಇಟ್ಟಿರೋ ಅಕ್ಕಿ ಬಿಸ್ಕತ್ತು ಪುಡಿಯಾಗುತ್ತೆ.

ಮಿಸೊ ಸಾರು ಫ್ರಿಜ್ಜಲ್ಲಿದೆ. ಬಿಸಿ ಮಾಡಿದ ಮೇಲೆ ಗ್ಯಾಸ್ ಆರಿಸಿ.

ಅಳಿಯ ಆಗೋ ಟೊಮೊಯಾನ ಹೆಸರೆತ್ತಿದರೆ ಸಾಕು, ಪೇಪರ್ ಹಿಂದೆ ಮುಖ ಮುಚ್ಕೋತೀರಿ. ನೋಡಿ, ನಿಮಗೆ ಶುಕ್ರವಾರ ಎರಡು ಸಲ ಸಿಗುತ್ತೆ. ಮೊದಲನೇದರಲ್ಲಿ ಮನೇಲಿ ಕೂತು ಎಷ್ಟು ಬೇಕೋ ಅಷ್ಟು ಮುಖ ಊದಿಸ್ಕೊಳ್ಳಿ. ಅಳು ಬಂದರೂ ಯಾರೂ ನೋಡಲ್ಲ. ಎರಡನೇದರಲ್ಲಿ ನಗ್ತಾ ಇಳೀರಿ. ಟೊಮೊಯಾ ನಿಮ್ಮ ಕೊರಳಿಗೆ ಹಾಕೋಕೆ ಹೂಮಾಲೆ ಹಿಡ್ಕೊಂಡು ನಿಂತಿರ್ತಾನೆ. ಅವನು ಕುಳ್ಳ, ನೀವೇ ಸ್ವಲ್ಪ ತಲೆ ಬಗ್ಗಿಸಿ.

ಫುಮಿಯೆ