ಖಾಲಿ ಮಂಚದ ಉಸಿರು

ಮಾರ್ಚ್ ೧೧, ಮಂಗಳವಾರ

ಅಪ್ಪನ ಮಂಚದ ಮೇಲುಗಡೆ ನಾನೇ ಕೂರಿಸಿದ್ದ ರೇಡಾರನ್ನು ಇವತ್ತೂ ಬಿಚ್ಚಿ ತರಲಾಗಲಿಲ್ಲ. ರೇಡಿಯೋ ಅಲೆ ಬಿಟ್ಟು, ಹೊದಿಕೆಯೊಳಗಿನ ಎದೆಯ ಏರಿಳಿತದಿಂದ ಉಸಿರನ್ನು ಎಣಿಸುವ ಚಿಪ್, ನಮ್ಮ ಲ್ಯಾಬಿನ ಹೆಮ್ಮೆ. ಅಪ್ಪ ತೀರಿಹೋಗಿ ವಾರವಾದರೂ ಸ್ಕ್ರೀನಿನ ಮೇಲೆ ಗೆರೆ ಏರಿಳಿಯುತ್ತಲೇ ಇತ್ತು.

“ನೋಡೋ, ಇನ್ನೂ ಉಸಿರಾಡ್ತಿದ್ದಾರೆ. ಯಾವತ್ತು ಯಾರ ಮಾತು ಕೇಳಿದ್ರು ಇವರು?” ಅಮ್ಮ ನಕ್ಕಳು.

ಫ್ಯಾನಿನ ಗಾಳಿಗೆ ಕಿಟಕಿಯ ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಚಿಪ್‌ಗೆ ಅದೇ ಎದೆ. ಕಿಟಕಿಯಿಲ್ಲದ ಲ್ಯಾಬಿನಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ. ಫ್ಯಾನ್ ಆರಿಸಲು ಹೋದೆ.

“ಇರಲಿ ಬಿಡೋ. ಅವರು ಹೋದ ರಾತ್ರಿ ಈ ಗೆರೆ ನೋಡ್ಕೊಂಡೇ ನಾನು ಮಲಗಿದ್ದು. ಬೆಳಗಿನವರೆಗೂ ಸರಿಯಾಗೇ ಇತ್ತಲ್ಲ, ಒದ್ದಾಡಿಲ್ಲ ಅಂತಾಯ್ತು.”

ಆ ರಾತ್ರಿಯೂ ಫ್ಯಾನ್ ತಿರುಗುತ್ತಿತ್ತು, ಪರದೆಯೂ ಉಬ್ಬಿ ಇಳಿಯುತ್ತಿತ್ತು. ಸ್ವಿಚ್ಚಿನ ಮೇಲಿಟ್ಟ ಕೈ ತೆಗೆದೆ. ಸೆಖೆ ಮುಗಿದ ಮೇಲೆ ಅಮ್ಮನೇ ಅದನ್ನು ಆರಿಸುತ್ತಾಳೆ.