ನಾಯಂಡಹಳ್ಳಿಗೆ ಬಾರದ ಗಿರಾಕಿಗಳು

ದೀಪಾಂಜಲಿ ನಗರ, ಬೆಂಗಳೂರು
ಮಂಗಳವಾರ, 21 ಜನವರಿ 2025

ಪ್ರೀತಿಯ ಯಶು,

ಹೇಗಿದ್ದೀಯೋ? ಕರೂರಿನ ಊಟ ಒಗ್ಗಿತಾ? ಬಸ್ ಬಾಡಿ ಕಟ್ಟುವ ಕಡೆ ದಿನವಿಡೀ ವೆಲ್ಡಿಂಗ್ ಹೊಗೆಯಂತೆ. ನಿನ್ನ ಕೆಮ್ಮು ನೆನೆದು ಅಮ್ಮ ದಿನಾ ನನಗೆ ಫೋನು ಮಾಡುತ್ತಾಳೆ, ನಾನೇ ಕೆಮ್ಮುತ್ತಿರುವವಳ ಹಾಗೆ. ನೀನು ನಮ್ಮೆಲ್ಲರ ನಂಬರನ್ನೂ ಬ್ಲಾಕ್ ಮಾಡಿ ಕೂತಿರುವುದರಿಂದ ಕಾಗದ ಬರೆಯಬೇಕಾಯಿತು. ವಿಳಾಸ ಕೊಟ್ಟವನು ನಮ್ಮ ಶೆಡ್ಡಿನಲ್ಲಿ ಸೀಟು ಹೊಲಿಯುವ ಫಕೀರೇಶ. "ಅಕ್ಕಾರ, ನನ್ನ ಹೆಸರು ಹೇಳಬ್ಯಾಡ್ರಿ" ಅಂದಿದ್ದ. ಹೇಳಿಬಿಟ್ಟೆ, ಅವನ ಮೇಲೆ ರೇಗಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂತ ಬರೆಯಬೇಕು, ಬರೆದೆ ಅಂದುಕೋ. ಅಪ್ಪನ ವಿಷಯ ಹೇಳುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ ನಾಯಂಡಹಳ್ಳಿಯ ನಮ್ಮ ಅಂಗಡಿಯಲ್ಲಿ, ಗಿರಾಕಿಗಳ ಎದುರೇ ಅಪ್ಪ ಅಂದ ಮಾತು ನಿನ್ನ ಕಿವಿಯಲ್ಲಿ ಇನ್ನೂ ಇರಬಹುದು: "ನಿನ್ನ ವೆಬ್‌ಸೈಟು ನೋಡ್ಕಂಡು ಯಾವನ್ಲಾ ಬರ್ತಾನೆ ಆಟೋಗೆ ಹುಡ್ ಹೊಲಿಸಕ್ಕೆ?" ನೀನು ಹೊರಟುಹೋದೆ. ಆದರೆ ಪ್ರತಿ ಸೋಮವಾರ ಅಪ್ಪನ ಫೋನಿಗೆ ಬರುವ ಹಾಗೆ ನೀನು ಮಾಡಿಟ್ಟಿದ್ದ ವರದಿ ನಿಲ್ಲಲಿಲ್ಲ. ಅಂಗಡಿಗೆಂದು ನೀನು ಮಾಡಿದ ವೆಬ್‌ಸೈಟಿಗೆ ಎಷ್ಟು ಜನ ಬಂದರು, ಬೇರೆ ಯಾವ ಸೈಟು ಅವರನ್ನು ಇಲ್ಲಿಗೆ ಕಳಿಸಿತು ಅಂತ ಹೇಳುವ ವರದಿ. ಮೊದಲು ಅಪ್ಪ ಅದನ್ನು ತೆರೆಯುತ್ತಲೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ನನ್ನ ಕೈಗೆ ಕೊಟ್ಟು ಓದಿಸಿದರು. ನೂರಾರು ಜನ! ಕಳಿಸಿದವರ ಪಟ್ಟಿಯಲ್ಲಿ ತಲೆಬುಡವಿಲ್ಲದ ಹೆಸರುಗಳು, ಅರ್ಧಕ್ಕರ್ಧ ರಷ್ಯಾದವು.

ನನ್ನ ಕೆಲಸ ಗೊತ್ತಲ್ಲ, ವಿಜಯನಗರದ ಆಫೀಸಿನಲ್ಲಿ ಕೂತು ಬೇರೆಯವರ ವೆಬ್‌ಸೈಟುಗಳ ಇಂಥ ವರದಿಗಳನ್ನು ಸೋಸುವುದೇ. ನೋಡಿದ ತಕ್ಷಣ ತಿಳಿಯಿತು. ಅವರಲ್ಲಿ ಒಬ್ಬರೂ ಬಂದಿಲ್ಲ. ಯಾವುದೋ ಯಂತ್ರ ತನ್ನ ಸೈಟಿನ ಹೆಸರನ್ನು ನಮ್ಮ ವರದಿಯೊಳಗೆ ತುರುಕಿ ಹೋಗುತ್ತದೆ, ಇದ್ಯಾರಪ್ಪ ಅಂತ ನಾವು ಆ ಹೆಸರು ಒತ್ತಿ ಅವರ ಅಂಗಡಿಗೆ ಹೋಗಲಿ ಅಂತ. ಆದರೆ ಅಪ್ಪ ಬಂದ ಗಿರಾಕಿಯನ್ನೆಲ್ಲ ಮೊದಲು ಕೇಳುವುದೇನು? "ಯಾರು ಕಳ್ಸಿದ್ರು?" ಕಳಿಸಿದವರ ಮನೆಗೆ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಹೋಗಲೇಬೇಕು. ಆ ಲೆಕ್ಕದಲ್ಲೇ ಈ ಪಟ್ಟಿಯನ್ನೂ ನೋಡಿದರು. ನೋಡಿ, ಕಣ್ಣು ಒರೆಸಿಕೊಂಡು, "ನಮ್ ಹುಡ್ಗಂದೇ ಕಣಮ್ಮಾ ಇದು. ನನ್ ಜೊತೆ ಮಾತಾಡಲ್ಲ, ಆದ್ರೆ ಅಲ್ಲಿಂದ್ಲೇ ಅವರಿವರಿಗೆ ಹೇಳಿ ಜನ ಕಳಿಸ್ತಾವ್ನೆ" ಅಂದರು. ರಷ್ಯಾದಿಂದ ಆಟೋ ಹುಡ್ಡಿಗೆ ಯಾರು ಬರುತ್ತಾರಪ್ಪ ಅಂದೆ. "ಅಲ್ಲಿ ಆಟೋ ಇಲ್ಲ ಅಂತ ನಿಂಗ್ಯಾರು ಹೇಳಿದ್ರು?" ಬಂದವರು ಒಂದು ಸೆಕೆಂಡೂ ನಿಂತಿಲ್ಲ ಅಂತ ತೋರಿಸಿದೆ. "ಬಿಜಿ ಜನ, ಪಾಪ." ಇಂಥವರ ಹತ್ತಿರ ಏನು ವಾದ ಮಾಡಲಿ ಹೇಳು.

ಆಮೇಲೆ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಲು ಆ ಹೆಸರುಗಳನ್ನು ಒತ್ತತೊಡಗಿದರು. ಫೋನಿನ ತುಂಬ ಜೂಜಿನ ಜಾಹೀರಾತು, ಬರೆಯಲಾರದಂಥ ಫೋಟೋಗಳು. ಅಮ್ಮ ಕಂಡು ಅಪ್ಪನ ಜನ್ಮ ಜಾಲಾಡಿದಳು. ಪಾಪ, ಈ ವಯಸ್ಸಿನಲ್ಲಿ ತಲೆ ತಗ್ಗಿಸಿಕೊಂಡು ಶೆಡ್ಡಿನ ಹಿಂದೆ ಹೋಗಿ ಕೂತರು. ಅವತ್ತೇ ನಾನು ಆ ಹೆಸರುಗಳನ್ನೆಲ್ಲ ಸೋಸಿಹಾಕಿದೆ. ಮುಂದಿನ ಸೋಮವಾರ ವರದಿಯಲ್ಲಿ ಉಳಿದದ್ದು ಇಬ್ಬರೇ, ನಾನು ಮತ್ತು ಫಕೀರೇಶ. ಅಪ್ಪ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮತ್ತೆ ಕೋಪ ಬಂತೇನಮ್ಮಾ ಅವ್ನಿಗೆ? ಈಗ ನಾನೇನು ಮಾಡ್ದೆ?" ಅಂದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆಯೂ ಬೇಡ ಅಂದರು. ಮಾರನೇ ದಿನವೂ ಅದೇ ಕಥೆ. ನೋಡಲಾಗದೆ ಸೋಸಿದ್ದನ್ನೆಲ್ಲ ವಾಪಸ್ ಸೇರಿಸಿದೆ.

ಈಗ ಫೋನಿಗೆ ಬರುವುದನ್ನು ನಿಲ್ಲಿಸಿ, ಕಸವೆಲ್ಲ ಇರುವ ವರದಿಯನ್ನೇ ಪ್ರಿಂಟ್ ಹಾಕಿ ತಂದುಕೊಡುತ್ತೇನೆ. ಕಾಗದವನ್ನು ಎಷ್ಟು ಒತ್ತಿದರೂ ಏನೂ ತೆರೆಯುವುದಿಲ್ಲವಲ್ಲ. ಆಫೀಸಿನಲ್ಲಿ "ಸಾರ್, ಇದೆಲ್ಲ ಸುಳ್ಳು, ನಂಬಬೇಡಿ" ಅಂತ ಯಾರ್ಯಾರಿಗೋ ಖಡಾಖಂಡಿತವಾಗಿ ಹೇಳುವ ನಾನು ನನ್ನಪ್ಪನಿಗೆ ಅದೇ ಸುಳ್ಳನ್ನು ವಾರ ವಾರ ಬಡಿಸುತ್ತಿದ್ದೇನೆ. ನಿಲ್ಲಿಸಿದರೆ ಅವರು ಊಟ ಬಿಡುತ್ತಾರೆ, ಮುಂದುವರಿಸಿದರೆ ನನಗೆ ಅನ್ನ ಇಳಿಯುವುದಿಲ್ಲ. ಏನು ಮಾಡಬೇಕೋ ತೋಚುತ್ತಿಲ್ಲ ಕಣೋ. ನಿನಗೆ ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ. ನೀನು ಅಷ್ಟು ಆಸೆಯಿಂದ ಮಾಡಿದ ಸೈಟಿಗೆ ನಿಜವಾಗಿ ಯಾರೂ ಬರಲಿಲ್ಲ ಅಂತ ನಾನೇ ಹೇಳಬೇಕಾಗಿ ಬಂತು. ಕೊನೆಗೆ ಅಪ್ಪನ ಮಾತೇ ನಿಜವಾಯಿತಲ್ಲ ಅಂತ ನಿನಗನ್ನಿಸಬಹುದು. ಆದರೆ ಆ ಮಾತನ್ನು ಈಗ ಅಪ್ಪನೇ ನಂಬುವುದಿಲ್ಲ. ಅಂಗಡಿಗೆ ಬಂದವರಿಗೆಲ್ಲ "ನಮ್ ಹುಡ್ಗ ಹೇಳಿದ್ದೇ ಸರಿ, ನಂಗೇ ತಿಳೀಲಿಲ್ಲ" ಅನ್ನುತ್ತಾರೆ. ಅವರಿಗೆ ಒಂದು ಫೋನು ಮಾಡು ಯಶು. ಜಾಸ್ತಿ ಮಾತೇನೂ ಬೇಡ, ಊಟ ಆಯ್ತಾ ಅಂದರೆ ಸಾಕು.

ಕೆಮ್ಮಿಗೆ ಮೆಣಸು ಜೀರಿಗೆ ಕಷಾಯ ಮಾಡಿಕೋ, ಅಂಗಡಿ ಸಿರಪ್ಪು ಬೇಡ. ನಿನ್ನ ಭಾವ ನಿನ್ನನ್ನು ಕೇಳಿದರು ಅಂತ ತಿಳಿಸಲು ಹೇಳಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಲತಾ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮನ ಫೋನು. ಅಪ್ಪ ಫಕೀರೇಶನ ಬಾಯಿ ಬಿಡಿಸಿ ನಿನ್ನ ವಿಳಾಸ ತೆಗೆದುಕೊಂಡಿದ್ದಾರೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತಾರಂತೆ, ಒಬ್ಬರೇ. ನಾನು ಕೊಟ್ಟ ಪ್ರಿಂಟುಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡಿದ್ದಾರೆ. ಅವತ್ತು ಎಲ್ಲರ ಎದುರು ಬೈದದ್ದಕ್ಕೆ ಅಲ್ಲಿಯೂ ಎಲ್ಲರ ಎದುರೇ ತಪ್ಪಾಯಿತು ಅನ್ನಬೇಕಂತೆ. ಇದನ್ನು ಈಗಲೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಅವರಿಗಿಂತ ಮೊದಲು ತಲುಪಲಿ. ಆ ಹಾಳೆಗಳನ್ನು ನೋಡಿ ನಗಬೇಡ ಕಣೋ. "ನೀನೇ ಅಲ್ವೇನ್ಲಾ ಇವ್ರನ್ನೆಲ್ಲ ಕಳ್ಸಿದ್ದು?" ಅಂತ ಕೇಳುತ್ತಾರೆ. ಹೂಂ ಅಂದುಬಿಡು.