ಎಲ್ಲದಕ್ಕೂ ಐದು

ಯುಮ್ಮಾ, ನನ್ನಮ್ಮಾ, ನೀನು ತೀರಿಕೊಂಡು ವರ್ಷವಾಯಿತು. ಕೇಳಿಸದು ಅಂತ ಗೊತ್ತಿದ್ದೂ ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತಿದ್ದೇನೆ. ಸ್ವೀಡನ್ನಿನ ಈ ಮಾಲ್ಮೋದಲ್ಲಿ ನನಗೀಗ ಹೊಸ ಕೆಲಸ. ನಮ್ಮ ಅರಬ್ ಹೆಂಗಸರ ಮನೆಗೆ ಹೋಗಿ, ಸ್ತನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಅವರ ನಂಬಿಕೆ ಏನೆಂದು ಕೇಳಬೇಕು. ನಾನು ಓದಿ ಹೇಳಿದ ಮಾತನ್ನು ಅವರು ಪೂರ್ತಿ ಒಪ್ಪಿದರೆ ಐದು ಅಂಕ, ಒಪ್ಪದಿದ್ದರೆ ಒಂದು.

ಇವತ್ತು ಹೋದ ಮನೆಯ ಉಮ್ ಸರ್ಮದ್ ಎಲ್ಲದಕ್ಕೂ ಐದು ಕೊಟ್ಟರು. ಮನೆಗೆ ಬಂದವಳಿಗೆ ಕಡಿಮೆ ಕೊಡುವುದುಂಟೇ?

"'ತಪಾಸಣೆಯಿಂದ ಜೀವ ಉಳಿಯುತ್ತೆ.' ಇದಕ್ಕೆ?"

"ಐದು."

"'ದೇವರು ಬರೆದಿದ್ದನ್ನ ಯಾವ ತಪಾಸಣೆನೂ ತಪ್ಪಿಸಲ್ಲ.'"

"ಅದಕ್ಕೂ ಐದು ಹಾಕು. ಖರ್ಜೂರದ ಕ್ಲೀಚಾ ತಿನ್ನೇ, ಕಡ್ಡಿ ಹಾಗಿದ್ದೀಯ. ನಿಮ್ಮಮ್ಮ ಇದ್ದಿದ್ರೆ ನಂಗೆ ಬೈತಿದ್ರು."

"'ಎದೆಯಲ್ಲಿ ಗಂಟು ಸಿಕ್ಕಿದ್ರೆ ತಕ್ಷಣ ಡಾಕ್ಟರ ಹತ್ರ ಹೋಗ್ತೀನಿ.'"

"ಐದು."

ಹೊರಟಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಆ ಕೊನೇದಕ್ಕೆ ಐದು ಬೇಡ, ಮಗಳೇ. ನಂಗೆ ರಂಜಾನಿಗೆ ಮುಂಚಿಂದ ಗಂಟಿದೆ. ನನ್ನ ಮಗಳು ಶಹ್ಲಾ ಮದುವೆ ಮುಗೀಲಿ. ಅವಳಿಗೆ ಗೊತ್ತಾಗ್ಬಾರ್ದು."

"ನಾಳೆ ನಾನೇ ಜೊತೆಗೆ ಬರ್ತೀನಿ" ಅಂದೆ. ನಕ್ಕು ಬಾಗಿಲು ಹಾಕಿಕೊಂಡರು.

ಯುಮ್ಮಾ, ಬಸ್ರಾದಲ್ಲಿ ನೀನು ನಿನ್ನ ಗಂಟಿನ ವಿಷಯ ಯಾರ ಹತ್ತಿರ ಹೇಳಿಕೊಂಡಿದ್ದೆ? ಮೊದಲು ಮಗಳು ಸ್ವೀಡನ್ನಿಗೆ ಹೊರಡಲಿ, ಅವಳಿಗೆ ಗೊತ್ತಾಗಬಾರದು ಅಂತ?